ಸಬ್‌ವೂಫರ್‌ಗೆ ಆಂಪ್ಲಿಫೈಯರ್ ಹೊಂದಿಸುವುದು: ಓಮ್ ಲೆಕ್ಕದಿಂದ ವೈರಿಂಗ್‌ವರೆಗೆ

ಕಾರ್ ಆಡಿಯೊ ಕಲಿಯಲು ಹೊರಟವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುವ ವಾಟ್ ಸಂಖ್ಯೆಯ ಮೇಲೆ. ಆದರೆ ಲೆಕ್ಕ ಶುರುವಾಗಬೇಕಾದದ್ದು ಓಮ್‌ನಿಂದ, ಅಂದರೆ ಪ್ರವಾಹಕ್ಕೆ ಒಡ್ಡುವ ತಡೆಯ ಅಳತೆಯಿಂದ. ಆಂಪ್ಲಿಫೈಯರ್ (ಚಿಕ್ಕದಾಗಿ ಆಂಪ್) ಎಷ್ಟು ವಾಟ್ ಕೊಡುತ್ತದೆ ಎಂಬುದು ನಾವು ಅದಕ್ಕೆ ಎಷ್ಟು ಓಮ್‌ನ ಹೊರೆಯನ್ನು ಜೋಡಿಸಿದ್ದೇವೆ ಎಂಬುದರ ಮೇಲೆ ನಿಂತಿರುತ್ತದೆ. ಆಂಪ್‌ನ ಔಟ್‌ಪುಟ್‌ನಲ್ಲಿ 20 ವೋಲ್ಟ್ ಇದೆ ಎಂದುಕೊಳ್ಳೋಣ. 4 ಓಮ್ ಹೊರೆಯಲ್ಲಿ 5 ಆಂಪಿಯರ್ ಹರಿದು 100 ವಾಟ್ ಸಿಗುತ್ತದೆ. 2 ಓಮ್‌ನಲ್ಲಿ 10 ಆಂಪಿಯರ್ ಮತ್ತು 200 ವಾಟ್. 1 ಓಮ್‌ನಲ್ಲಿ 20 ಆಂಪಿಯರ್ ಮತ್ತು 400 ವಾಟ್. ಓಮ್ ಅರ್ಧವಾದಂತೆಲ್ಲ ಪ್ರವಾಹ ದುಪ್ಪಟ್ಟಾಗುತ್ತದೆ, ಅದರೊಂದಿಗೆ ಆಂಪ್‌ನ ಒಳಗಿನ ಟ್ರಾನ್ಸಿಸ್ಟರ್‌ಗಳ ಬಿಸಿಯೂ ಏರುತ್ತದೆ. ಆದ್ದರಿಂದಲೇ ಪ್ರತಿಯೊಂದು ಆಂಪ್‌ಗೂ ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಒಂದು ಕನಿಷ್ಠ ಓಮ್ ಮಿತಿ ಇರುತ್ತದೆ.

ಈಗ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ನಮ್ಮ ಬಳಿ 500 ವಾಟ್ ಆರ್‌ಎಂಎಸ್ (ನಿರಂತರ ಸರಾಸರಿ ಶಕ್ತಿ) ತಡೆಯುವ 12 ಇಂಚಿನ ಒಂದು ಸಬ್‌ವೂಫರ್, ಅಂದರೆ ಬೇಸ್ ನುಡಿಸುವ ಸ್ಪೀಕರ್ ಇದೆ. ನಮ್ಮ ಮೋನೊ (ಒಂದೇ ಚಾನೆಲ್‌ನ) ಆಂಪ್ 4 ಓಮ್‌ಗೆ 300 ವಾಟ್, 2 ಓಮ್‌ಗೆ 500 ವಾಟ್ ಕೊಡುತ್ತದೆ, ಮತ್ತು ಅದರ ಕನಿಷ್ಠ ಮಿತಿ 2 ಓಮ್. ಸಬ್‌ವೂಫರ್‌ನಲ್ಲಿ ತಲಾ 4 ಓಮ್‌ನ ಎರಡು ವಾಯ್ಸ್ ಕಾಯಿಲ್‌ಗಳಿದ್ದರೆ (ಸ್ಪೀಕರ್‌ನ ಕೋನನ್ನು ಅಲುಗಿಸುವ ತಂತಿ ಸುರುಳಿಗಳು), ಅವನ್ನು ಸಮಾಂತರವಾಗಿ ಜೋಡಿಸಿದಾಗ 2 ಓಮ್, ಸರಣಿಯಲ್ಲಿ ಜೋಡಿಸಿದಾಗ 8 ಓಮ್ ಆಗುತ್ತದೆ. ಸಮಾಂತರ ಜೋಡಣೆ ನಮಗೆ ಸರಿಯಾಗಿ 500 ವಾಟ್ ತಂದುಕೊಡುತ್ತದೆ. ಅದೇ ಸಬ್‌ವೂಫರನ್ನು ತಲಾ 2 ಓಮ್‌ನ ಕಾಯಿಲ್‌ಗಳಿರುವ ಮಾದರಿಯಲ್ಲಿ ಕೊಂಡಿದ್ದರೆ ಸಿಗುವ ಆಯ್ಕೆಗಳು ಎರಡೇ: ಸಮಾಂತರದಲ್ಲಿ 1 ಓಮ್, ಅಂದರೆ ಆಂಪ್‌ನ ಮಿತಿಗಿಂತ ಕೆಳಗೆ, ಸರಣಿಯಲ್ಲಿ 4 ಓಮ್, ಅಂದರೆ ಬರೀ 300 ವಾಟ್. ನೋಡಲು ಒಂದೇ ಬಗೆಯ ಸಬ್‌ವೂಫರ್, ಒಂದೇ ಆಂಪ್. ಕಾಯಿಲ್‌ನ ಓಮ್ ಬೇರೆಯಾದ ಮಾತ್ರಕ್ಕೆ 200 ವಾಟ್ ಕೈತಪ್ಪುತ್ತದೆ. ಆದುದರಿಂದ ಕೊಳ್ಳುವ ಮೊದಲೇ ಕಾಗದದ ಮೇಲೆ ಈ ಲೆಕ್ಕ ಮುಗಿದಿರಬೇಕು.

ಎರಡು ಸಬ್‌ವೂಫರ್‌ಗಳಿದ್ದರೆ ಮೊದಲು ಪ್ರತಿಯೊಂದರ ಒಳಲೆಕ್ಕ ಮುಗಿಸಿ, ಬಂದ ಉತ್ತರಗಳನ್ನು ಪರಸ್ಪರ ಜೋಡಿಸಬೇಕು. ತಲಾ 4 ಓಮ್‌ನ ಎರಡೆರಡು ಕಾಯಿಲ್‌ಗಳಿರುವ ಎರಡು ಸಬ್‌ವೂಫರ್‌ಗಳನ್ನು ಪೂರ್ತಿ ಸಮಾಂತರವಾಗಿ ಜೋಡಿಸಿದರೆ 1 ಓಮ್ ಬರುತ್ತದೆ. ಕಾಯಿಲ್‌ಗಳನ್ನು ಸರಣಿಯಲ್ಲಿಟ್ಟು ಸಬ್‌ವೂಫರ್‌ಗಳನ್ನು ಸಮಾಂತರವಾಗಿಟ್ಟರೆ 4 ಓಮ್. ಇಲ್ಲಿ ಕಲಿಯುವವರು ಎಡವುವ ಜಾಗ ಒಂದಿದೆ. ಹಲವು ಮೋನೊ ಆಂಪ್‌ಗಳಲ್ಲಿ ಸ್ಪೀಕರ್ ಟರ್ಮಿನಲ್‌ಗಳು ಎರಡು ಜೊತೆ ಕಾಣುತ್ತವೆ, ಆದರೆ ಅವು ಒಳಗೆ ಒಂದಕ್ಕೊಂದು ಸಮಾಂತರವಾಗಿಯೇ ಕೂಡಿರುತ್ತವೆ. ಒಂದೊಂದು ಜೊತೆಗೆ 2 ಓಮ್‌ನ ಒಂದೊಂದು ಸಬ್‌ವೂಫರ್ ಹಾಕಿ ನಿಶ್ಚಿಂತೆಯಿಂದಿದ್ದರೆ, ಆಂಪ್ ಹೊರುತ್ತಿರುವುದು 1 ಓಮ್. ಎರಡು ಚಾನೆಲ್‌ಗಳ ಆಂಪನ್ನು ಬ್ರಿಜ್ ಮಾಡಿದಾಗಲೂ, ಅಂದರೆ ಎರಡೂ ಚಾನೆಲ್‌ಗಳನ್ನು ಒಂದೇ ಹೊರೆಗೆ ಕೂಡಿಸಿದಾಗಲೂ, ಎಚ್ಚರ ಬೇಕು: ಪ್ರತಿ ಚಾನೆಲ್‌ಗೆ ಹೊರೆಯ ಅರ್ಧ ಓಮ್ ಮಾತ್ರ ಕಾಣಿಸುವುದರಿಂದ, ಸ್ಟೀರಿಯೊದಲ್ಲಿ 2 ಓಮ್ ತಾಳುವ ಆಂಪ್ ಬ್ರಿಜ್‌ನಲ್ಲಿ ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ಇಳಿಯಲಾರದು.

ಜೋಡಣೆ ಮುಗಿದ ಮೇಲೆ, ಆಂಪ್‌ಗೆ ಸೇರಿಸುವ ಮುನ್ನ, ತಂತಿಯ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ನೋಡುವುದು ಒಳ್ಳೆಯದು. 4 ಓಮ್ ಎಂದು ಬರೆದಿರುವ ಕಾಯಿಲ್ 3.5 ಓಮ್‌ನ ಆಸುಪಾಸು ತೋರಿಸಿದರೆ ಗಾಬರಿ ಬೇಡ. ಮೀಟರ್ ಅಳೆಯುವುದು ನೇರ ಪ್ರವಾಹಕ್ಕೆ ಇರುವ ರೋಧವನ್ನು. ಹೆಸರಿಗೆ ಬರೆದ ಇಂಪೀಡೆನ್ಸ್ (ಪರ್ಯಾಯ ಪ್ರವಾಹಕ್ಕೆ ಇರುವ ಒಟ್ಟು ತಡೆ) ಅದಕ್ಕಿಂತ ತುಸು ಹೆಚ್ಚಿರುತ್ತದೆ. ಧ್ರುವತೆಯನ್ನು ಪರೀಕ್ಷಿಸಲು 1.5 ವೋಲ್ಟ್ ಸೆಲ್ಲೊಂದು ಸಾಕು: ಸೆಲ್ಲಿನ ಪ್ಲಸ್ಸನ್ನು ಕಾಯಿಲ್‌ನ ಪ್ಲಸ್ಸಿಗೆ ಕ್ಷಣಮಾತ್ರ ಮುಟ್ಟಿಸಿದಾಗ ಕೋನ್ ಹೊರಕ್ಕೆ ಜಿಗಿಯಬೇಕು. ನಾನು ಮೊದಲ ಬಾರಿ ವೈರಿಂಗ್ ಮಾಡಿದಾಗ ಒಂದು ಕಾಯಿಲನ್ನು ತಿರುವುಮುರುವಾಗಿ ಜೋಡಿಸಿದ್ದೆ. ಮೀಟರ್ ಸರಿಯಾಗಿ 2 ಓಮ್‌ನ ಸಮೀಪವೇ ತೋರಿಸಿತು, ಆಂಪ್‌ನ ದೀಪವೂ ಹೊತ್ತಿತು, ಆದರೆ ಬೇಸ್ ಮಾತ್ರ ಇಲ್ಲ; ಎರಡು ಕಾಯಿಲ್‌ಗಳ ಬಲ ಪರಸ್ಪರ ರದ್ದಾಗಿ, ಕೊಟ್ಟ ವಾಟ್ ಎಲ್ಲ ಬಿಸಿಯಾಗಿ ಹೋಗುತ್ತಿತ್ತು. ಸೆಲ್ಲಿನ ಪರೀಕ್ಷೆ ಅಂದೇ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ವಾಟ್ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಪೀಕ್ ಮತ್ತು ಮ್ಯಾಕ್ಸ್ ಸಂಖ್ಯೆಗಳನ್ನು ಬದಿಗಿಟ್ಟು ಆರ್‌ಎಂಎಸ್ ಮಾತ್ರ ಹೋಲಿಸಬೇಕು. ಚಿಕ್ಕ ಆಂಪ್ ಸುರಕ್ಷಿತ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಅದನ್ನು ಮಿತಿ ಮೀರಿ ಹಿಂಡಿದಾಗ ಅಲೆಯ ತಲೆ ಕತ್ತರಿಸಿಹೋಗಿ, ಅದರ ಸರಾಸರಿ ಶಕ್ತಿ ಬರೆದುಕೊಂಡ ಆರ್‌ಎಂಎಸ್ ಅನ್ನೂ ದಾಟಬಲ್ಲದು.

ಅಲೆ ಹೀಗೆ ಕತ್ತರಿಸಿಹೋಗುವ ಕ್ಲಿಪ್ಪಿಂಗ್‌ಗೆ ಮುಖ್ಯ ಕಾರಣ ಗೇನ್ ಗುಂಡಿಯನ್ನು ವಾಲ್ಯೂಮ್ ಎಂದು ತಿಳಿಯುವುದು. ಹೆಡ್ ಯೂನಿಟ್‌ನಿಂದ (ಡ್ಯಾಶ್‌ಬೋರ್ಡ್‌ನ ಸ್ಟೀರಿಯೊದಿಂದ) ಬರುವ ಸಂಕೇತದ ವೋಲ್ಟೇಜಿಗೆ ಆಂಪನ್ನು ಹೊಂದಿಸುವುದಷ್ಟೇ ಗೇನ್‌ನ ಕೆಲಸ. ಬೇಕಾದ ವಾಟ್ ಮತ್ತು ಓಮ್‌ಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ತಲುಪಬೇಕಾದ ವೋಲ್ಟೇಜ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 500 ಮತ್ತು 2ರ ಗುಣಲಬ್ಧ 1000, ವರ್ಗಮೂಲ ಸುಮಾರು 31.6 ವೋಲ್ಟ್. ಸಬ್‌ವೂಫರ್ ಕಳಚಿ, ಬೇಸ್ ಬೂಸ್ಟ್ ಮತ್ತು ಈಕ್ವಲೈಜರನ್ನು ಸೊನ್ನೆಯಲ್ಲಿಟ್ಟು, ಹೆಡ್ ಯೂನಿಟ್‌ನ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಏರಿಸಿ, 50 ಹರ್ಟ್ಸ್‌ನ ಸೈನ್ ಟೋನ್ ನುಡಿಸುತ್ತ, ಆಂಪ್‌ನ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ಅಷ್ಟಕ್ಕೆ ಬರುವವರೆಗೆ ಗೇನನ್ನು ನಿಧಾನವಾಗಿ ತಿರುಗಿಸಬೇಕು. ಮೀಟರ್‌ಗೆ ಅಲೆ ಕತ್ತರಿಸಿರುವುದು ಕಾಣುವುದಿಲ್ಲ. ಅದಕ್ಕೆ ಆಸಿಲೋಸ್ಕೋಪೇ ಬೇಕು. ತಗ್ಗಿನ ಸ್ವರಗಳನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ನಿಂದ ಆರಂಭಿಸಿ ಕಿವಿಗೆ ತಕ್ಕಂತೆ ಸರಿಸಬಹುದು.

ಇನ್ನು ಬ್ಯಾಟರಿ ಕಡೆಯ ವೈರಿಂಗ್. ಡಿ ವರ್ಗದ ಆಂಪ್‌ನ ದಕ್ಷತೆಯನ್ನು ಶೇಕಡ 80 ಎಂದು ಹಿಡಿದರೆ 500 ವಾಟ್ ಹೊರಡಿಸಲು ಅದು 625 ವಾಟ್ ಎಳೆಯುತ್ತದೆ, 13.8 ವೋಲ್ಟ್‌ನಲ್ಲಿ ಅದು ಸುಮಾರು 45 ಆಂಪಿಯರ್. 5 ಮೀಟರ್ ಉದ್ದದ 8 ಗೇಜ್ ತಾಮ್ರದ ತಂತಿ ಇಷ್ಟು ಪ್ರವಾಹದಲ್ಲಿ ಹತ್ತಿರಹತ್ತಿರ ಅರ್ಧ ವೋಲ್ಟ್ ನುಂಗಿದರೆ, 4 ಗೇಜ್ ತಂತಿ (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ) 0.2 ವೋಲ್ಟ್‌ಗಿಂತ ಕಡಿಮೆ ನುಂಗುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ರೋಧ ಇನ್ನೂ ಹೆಚ್ಚಾದ್ದರಿಂದ ಅದನ್ನು ಬಳಸುವುದಾದರೆ ಮತ್ತಷ್ಟು ದಪ್ಪದ್ದನ್ನು ಆರಿಸಬೇಕು. ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. ಆದ್ದರಿಂದ ಅದು ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಗ್ರೌಂಡ್ ತಂತಿ ಗಿಡ್ಡವಾಗಿದ್ದು, ಪವರ್ ತಂತಿಯಷ್ಟೇ ದಪ್ಪವಿದ್ದು, ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಬಾಡಿಯ ಲೋಹಕ್ಕೆ ಬಿಗಿಯಾಗಿ ಕೂತಿರಬೇಕು. ಕೆಲಸ ಮಾಡುವಾಗ ಬ್ಯಾಟರಿಯ ಮೈನಸ್ ಕಳಚಿರಲೇಬೇಕು.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು, ಅರ್ಧ ಗಂಟೆ ಜೋರಾಗಿ ನುಡಿಸಿ, ಬ್ಯಾಟರಿಯ ತುದಿಗಳ ವೋಲ್ಟೇಜನ್ನೂ ಆಂಪ್‌ನ ಟರ್ಮಿನಲ್‌ಗಳ ವೋಲ್ಟೇಜನ್ನೂ ಅಳೆದು ಹೋಲಿಸಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದ್ದರೆ ಮೊದಲು ಗ್ರೌಂಡ್ ಬೋಲ್ಟನ್ನೂ ಅನಂತರ ಫ್ಯೂಸ್ ಹೋಲ್ಡರನ್ನೂ ಮುಟ್ಟಿ ನೋಡಿರಿ. ಸಡಿಲವಾಗಿರುವ ಜಾಗ ಬಿಸಿಯಾಗಿರುತ್ತದೆ.