ಬಾಟ್ಲಿ ಮೇಲೆ 1 ಎಂಜಿ ಅಂತ ಇದೆ, ಒಳಗೆ ಇರೋದೂ ಅಷ್ಟೇನಾ?

ಗದಗಿನ ಓದುಗರೊಬ್ಬರ ಪ್ರಶ್ನೆ: "ಅವ್ವನಿಗೆ ಎಂಡೋಸ್ಕೋಪಿ ಇತ್ತು. ಚೀಟಿ ಕೊಟ್ಟು, ಮಂಪರು ಬರಿಸುವ ಮಿಡಜೊಲಾಮ್ ಇಂಜೆಕ್ಷನ್ ತರಲು ಹೇಳಿದರು. 2 ಎಂಜಿ ಕೊಡ್ತೀವಿ ಅಂದಿದ್ರು, ಆದರೆ ಬಾಟ್ಲಿ ಮೇಲೆ 1 ಎಂಜಿ ಅಂತ ಇತ್ತು. ನಾನು ಎರಡು ಬಾಟ್ಲಿ ತರಬೇಕಿತ್ತಾ?"

ಇಲ್ಲ ಅಕ್ಕಾ, ಒಂದೇ ಸಾಕು. ಆ 1 ಎಂಜಿ ಪಕ್ಕದಲ್ಲೇ ಒಂದು ಓರೆಗೆರೆ ಇದೆ ನೋಡಿ, ಅದರ ಮುಂದೆ ಎಂಎಲ್ ಅಂತ ಇರುತ್ತದೆ. ಅಂದರೆ ಒಂದೊಂದು ಎಂಎಲ್‌ನಲ್ಲಿ 1 ಎಂಜಿ ಔಷಧ. ಬಾಟ್ಲಿ 10 ಎಂಎಲ್‌ದಾದರೆ ಒಳಗೆ ಒಟ್ಟು 10 ಎಂಜಿ ಇದೆ. 2 ಎಂಜಿಗೆ 2 ಎಂಎಲ್ ಎಳೆದುಕೊಂಡರೆ ಆಯ್ತು.

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಇದೇ ಗೊಂದಲ ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇದು ಸಣ್ಣ ಗೊಂದಲ ಅಲ್ಲ, ಯಾಕಂದ್ರೆ ಇದೇ ಔಷಧ 5 ಎಂಜಿ/ಎಂಎಲ್ ಆಗಿಯೂ ಬರುತ್ತದೆ. ಹೆಬ್ಬೆರಳಿನಷ್ಟು ಗಾಜಿನ ಸೀಸೆ, ಅದೇ ಹೆಸರು, ಆದರೆ ಪ್ರತಿ ಎಂಎಲ್‌ಗೆ ಐದು ಪಟ್ಟು ಜಾಸ್ತಿ ಔಷಧ. 1ರದ್ದು ಅಂದುಕೊಂಡು 5ರದ್ದರಿಂದ 2 ಎಂಎಲ್ ಎಳೆದರೆ 2 ಎಂಜಿ ಹೋಗಬೇಕಾದಲ್ಲಿ 10 ಎಂಜಿ ಹೋಗುತ್ತದೆ. ವಯಸ್ಸಾದವರಿಗೆ ಹಾಗಾದರೆ ಉಸಿರೇ ನಿಧಾನವಾಗಿ ನಿಂತುಬಿಡಬಹುದು. ಬ್ರಿಟನ್ನಿನ ರೋಗಿಗಳ ಸುರಕ್ಷತಾ ಸಂಸ್ಥೆ ಇಂಥ ಅನಾಹುತಗಳನ್ನು ನೋಡಿಯೇ 2008ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು: ಎಚ್ಚರದಲ್ಲೇ ಇಟ್ಟು ಮಂಪರು ಬರಿಸುವ ಕಡೆ 1 ಎಂಜಿ/ಎಂಎಲ್‌ದೇ ಇಡಿ, ಪ್ರತಿ ಎಂಎಲ್‌ಗೆ ಜಾಸ್ತಿ ಔಷಧ ಇರುವ ಗಟ್ಟಿದು ಬೇಕಾದಲ್ಲಿ ಮಾತ್ರ ಇರಲಿ.

ಒಮ್ಮೆ ಚೀಟಿಯಲ್ಲಿ ಬರೀ "ಮಿಡಜೊಲಾಮ್, 1" ಅಂತ ಇತ್ತು. ಆ 1 ಅಂದರೆ ಎಂಜಿಯೋ, ಬಾಟ್ಲಿಯೋ? ನಾವು ಕೊಟ್ಟದ್ದನ್ನು ಸಿಸ್ಟರ್ ಒಬ್ಬರು ವಾಪಸ್ ಕಳಿಸಿದರು, ನಮಗೆ ಬೇಕಾದದ್ದು ಇನ್ನೊಂದು ಅಂತ. ಅವರು ಲೇಬಲ್ ಓದಿದ್ದರಿಂದಲೇ ಗೊತ್ತಾಯಿತು. ಅವತ್ತಿನಿಂದ ನಾನು ಕೊಡುವಾಗ ಎಂಜಿ/ಎಂಎಲ್ ಎಷ್ಟು, ಒಟ್ಟು ಎಂಎಲ್ ಎಷ್ಟು ಅಂತ ಎರಡನ್ನೂ ಬಾಯಿಬಿಟ್ಟು ಓದಿ ಹೇಳುತ್ತೇನೆ. ನೀವೂ ಹಾಗೇ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಲೇಬಲ್ ಮೇಲಿನ ಕೆಂಪು ಗೆರೆಯ ಚೌಕ ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ಇದು ಸರ್ಕಾರದ ಎಚ್1 ಪಟ್ಟಿಯ ಔಷಧ, 2014ರ ಮಾರ್ಚಿನಿಂದ ಆ ನಿಯಮ ಜಾರಿಯಲ್ಲಿದೆ. ಹಾಗಾಗಿ ಡಾಕ್ಟರ ಚೀಟಿ ಬೇಕೇ ಬೇಕು, ರೋಗಿಯ ಹೆಸರು, ಬರೆದ ಡಾಕ್ಟರ ವಿವರ, ಕೊಟ್ಟ ಪ್ರಮಾಣ ಎಲ್ಲ ನಮ್ಮ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹೆಸರು ಯಾಕೆ ಕೇಳ್ತೀರಿ ಅಂತ ಜನ ಸಿಟ್ಟಾಗುತ್ತಾರೆ. ಕೇಳಲೇಬೇಕು ಅಕ್ಕಾ.

ರಟ್ಟಿನ ಡಬ್ಬಿಯನ್ನೂ ಬಿಸಾಕಬೇಡಿ, ಬಾಟ್ಲಿಗೆ ಬೆಳಕು ಬೀಳದಂತೆ ಅದರಲ್ಲೇ ಇಟ್ಟು ಒಯ್ಯಿರಿ. ಹಸುಗೂಸಿಗೆ ತಂದಿದ್ದಾದರೆ ಬೆಂಝೈಲ್ ಆಲ್ಕೋಹಾಲ್ ಅಂತ ಬರೆದಿದೆಯಾ ನೋಡಿ ಡಾಕ್ಟರಿಗೆ ತೋರಿಸಿ, ಕೆಡದಿರಲಿ ಅಂತ ಕೆಲವು ಬಾಟ್ಲಿಗಳಲ್ಲಿ ಹಾಕಿರುತ್ತಾರೆ, ಎಳೆಗೂಸುಗಳಿಗೆ ಅದು ಒಳ್ಳೆಯದಲ್ಲ.

ಇನ್ನು ಬಾಟ್ಲಿಯಿಂದ ಸಿರಿಂಜಿಗೆ ಹೋದ ಮೇಲೆ ಅದು ಬರೀ ನೀರಿನ ಹಾಗೆ ಕಾಣುತ್ತದೆ. ಅದಕ್ಕೇ ಅರಿವಳಿಕೆಯವರು ಸಿರಿಂಜಿಗೆ ಕಿತ್ತಳೆ ಬಣ್ಣದ ಸ್ಟಿಕರ್ ಅಂಟಿಸುತ್ತಾರೆ. ಮುಂದಿನ ಸಲ ಅವ್ವನ ಜೊತೆ ಹೋದಾಗ ಅದನ್ನೂ ನೋಡಿ.