ಆಗದೇ ಹೋದ ಅಪಘಾತದ ಸುದ್ದಿ

1974ರ ಡಿಸೆಂಬರ್ 1. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ದಟ್ಟ ಮೋಡ, ಜೋರು ಗಾಳಿ. ಟಿಡಬ್ಲ್ಯೂಎ ಕಂಪನಿಯ 514 ನಂಬರಿನ ವಿಮಾನ ನಗರದ ನ್ಯಾಷನಲ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಅಡ್ಡಗಾಳಿ ಜಾಸ್ತಿಯಾಗಿದ್ದರಿಂದ ಡಲೆಸ್ ನಿಲ್ದಾಣದ ಕಡೆ ತಿರುಗಿತು. ನಿಲ್ದಾಣ ಇನ್ನೂ 44 ನಾಟಿಕಲ್ ಮೈಲಿ ದೂರ ಇರುವಾಗಲೇ, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಇಳಿಯುವ ಹಾದಿ ಹಿಡಿಯಲು ಒಪ್ಪಿಗೆ ಕೊಟ್ಟರು. ಇನ್ನು 1,800 ಅಡಿಗೆ ಇಳಿಯಬಹುದು ಅಂತ ಪೈಲಟ್‌ಗಳು ತಿಳಿದುಕೊಂಡರು. ಬೆಟ್ಟ ದಾಟುವವರೆಗೆ ಎತ್ತರ ನೋಡಿಕೊಳ್ಳುವುದು ಪೈಲಟ್‌ಗಳ ಹೊಣೆ ಎನ್ನುವುದು ಕಂಟ್ರೋಲರ್‌ಗಳ ಲೆಕ್ಕ. ನಕ್ಷೆಯಲ್ಲಿ ಆ ಜಾಗಕ್ಕೆ ಕನಿಷ್ಠ ಎತ್ತರ 3,400 ಅಡಿ ಎಂದು ಬರೆದಿತ್ತು. ಕ್ಯಾಪ್ಟನ್ ಅದನ್ನು ಗಮನಿಸಿದ್ದರು, ಕಾಕ್‌ಪಿಟ್‌ನಲ್ಲಿ ಮಾತಾಡಿಯೂ ಇದ್ದರು. ಒಪ್ಪಿಗೆ ಸಿಕ್ಕಿದೆಯಲ್ಲ, ಇಳಿಯಬಹುದು ಎಂದು ತೀರ್ಮಾನಿಸಿದರು. ವಿಮಾನ ಮೌಂಟ್ ವೆದರ್ ಎಂಬ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 92 ಮಂದಿಯೂ ಸತ್ತರು.

ಇದಕ್ಕಿಂತ ಸಂಕಟದ ವಿಷಯ ತನಿಖೆಯಲ್ಲಿ ಹೊರಬಂತು. ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಇದೇ ಹಾದಿಯಲ್ಲಿ, ಇದೇ ತಪ್ಪು ಗ್ರಹಿಕೆಯಿಂದ ಕೆಳಕ್ಕೆ ಇಳಿದು, ಕೂದಲೆಳೆಯಲ್ಲಿ ಬೆಟ್ಟವನ್ನು ತಪ್ಪಿಸಿಕೊಂಡಿತ್ತು. ಆ ಪೈಲಟ್‌ಗಳು ಮುಚ್ಚಿಡಲಿಲ್ಲ, ಕಂಪನಿಗೆ ಹೇಳಿದರು. ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಟ್ಟಿತು. ಆದರೆ ಆ ಸುದ್ದಿಯನ್ನು ಬೇರೆ ಕಂಪನಿಗಳಿಗೆ ತಲುಪಿಸುವ ದಾರಿಯೇ ಆಗ ಇರಲಿಲ್ಲ. ಕಾಪಾಡಬಹುದಾಗಿದ್ದ ಮಾಹಿತಿ ಇತ್ತು, ಬೇಕಾದವರ ಕೈಗೆ ಹೋಗಲಿಲ್ಲ, ಅಷ್ಟೇ.

ವಿಮಾನ ಸುರಕ್ಷತೆ ಅಂದರೆ ಗಟ್ಟಿ ಎಂಜಿನ್, ಒಳ್ಳೆಯ ರೇಡಾರ್ ಅಂತ ನಾವು ಅಂದುಕೊಳ್ಳುತ್ತೇವೆ. ಅವೂ ಬೇಕು. ಆದರೆ ‘ಇವತ್ತು ಸ್ವಲ್ಪದರಲ್ಲಿ ತಪ್ಪಿತು’ ಎಂಬ ಸುದ್ದಿ ಎಷ್ಟು ಬೇಗ, ಎಷ್ಟು ದೂರ ಹೋಗುತ್ತದೆ ಅನ್ನುವುದರ ಮೇಲೆ ಅದಕ್ಕಿಂತ ಹೆಚ್ಚು ನಿಂತಿದೆ ಎಂದು ನನಗನ್ನಿಸುತ್ತದೆ.

ಆ ದುರಂತದ ಮರುವರ್ಷ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ತಪ್ಪುಗಳನ್ನು ತಿಳಿಸಿ ಅಂತ ಪೈಲಟ್‌ಗಳನ್ನು ಕೇಳಿಕೊಂಡಿತು. ಸ್ಪಂದನೆ ಕಡಿಮೆ. ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇರುವವರ ಹತ್ತಿರವೇ ಹೋಗಿ ‘ನಾನು ತಪ್ಪು ಮಾಡಿದೆ’ ಅಂತ ಯಾರು ಹೇಳುತ್ತಾರೆ ಅಲ್ವಾ? ಹಾಗಾಗಿ 1976ರಲ್ಲಿ ಈ ಕೆಲಸವನ್ನು ನಾಸಾ ಸಂಸ್ಥೆಗೆ ವಹಿಸಿದರು. ನಾಸಾಕ್ಕೆ ಪೈಲಟ್‌ಗಳನ್ನು ಶಿಕ್ಷಿಸುವ ಅಧಿಕಾರ ಇಲ್ಲ. ಅದೇ ಅದರ ಅರ್ಹತೆ.

ಆ ವರದಿ ಫಾರ್ಮನ್ನು ಹತ್ತಿರದಿಂದ ನೋಡಬೇಕು. ಮೇಲ್ಭಾಗದಲ್ಲಿ ಬರೆದವರ ಹೆಸರು, ಫೋನ್ ನಂಬರ್ ಇರುವ, ಬೇರೆ ಮಾಡಬಹುದಾದ ಒಂದು ಕಾಗದದ ಪಟ್ಟಿ. ನಾಸಾದವರು ವರದಿ ಓದಿ, ಅನುಮಾನ ಇದ್ದರೆ ಫೋನ್ ಮಾಡಿ ಕೇಳಿ, ಆಮೇಲೆ ಆ ಪಟ್ಟಿಯನ್ನು ಬೇರೆ ಮಾಡಿ, ತಾರೀಖಿನ ಮುದ್ರೆ ಒತ್ತಿ ಬರೆದವರಿಗೇ ವಾಪಸ್ ಕಳಿಸುತ್ತಾರೆ. ಘಟನೆ ಕಚೇರಿಯಲ್ಲಿ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ಉದ್ದೇಶವಿಲ್ಲದೆ ಆದ ತಪ್ಪನ್ನು 10 ದಿನದೊಳಗೆ ತಿಳಿಸಿದ್ದಕ್ಕೆ ಆ ಪಟ್ಟಿಯೇ ಸಾಕ್ಷಿ. ಮುಂದೆ ಕ್ರಮ ಬಂದರೂ ದಂಡನೆಯಿಂದ ಅದು ರಕ್ಷಣೆ ಕೊಡುತ್ತದೆ. ಅಪರಾಧ ಮತ್ತು ಅಪಘಾತಕ್ಕೆ ಈ ರಕ್ಷಣೆ ಇಲ್ಲ. ಇಂದಿನವರೆಗೆ 20 ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿವೆ. ಒಂದು ಕಾಗದದ ಪಟ್ಟಿಯನ್ನು ಹಿಂದಿರುಗಿಸುವ ಈ ಸಣ್ಣ ನಿಯತ್ತು ಮಾಡಿದ ಕೆಲಸ ದೊಡ್ಡದು.

ಹಾಗಂತ ಎಲ್ಲವನ್ನೂ ಕ್ಷಮಿಸುವುದಲ್ಲ. ಕುಡಿದು ವಿಮಾನ ಹಾರಿಸಿದರೆ, ಬೇಕಂತಲೇ ನಿಯಮ ಮುರಿದರೆ ಶಿಕ್ಷೆ ಆಗಲೇಬೇಕು. ಆದರೆ ಅನುಭವಸ್ಥರೂ ಮಾಡಬಹುದಾದ ತಪ್ಪಿಗೆ ಒಬ್ಬರನ್ನು ಹೊರಗೆ ಹಾಕಿದರೆ ಏನಾಗುತ್ತದೆ? ತಪ್ಪಿಗೆ ದಾರಿ ಮಾಡಿಕೊಟ್ಟ ನಕ್ಷೆ, ಆದೇಶದ ಮಾತು, ಸ್ವಿಚ್ಚಿನ ಜಾಗ ಎಲ್ಲ ಹಾಗೇ ಉಳಿಯುತ್ತವೆ. ಬೇರೆಯವರು ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಾರೆ.

ಬಂದ ಸುದ್ದಿಯನ್ನು ತೂಗಿ ನೋಡುವುದೂ ಒಂದು ಕೆಲಸ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒ ಇದಕ್ಕೆ ಐದು ಸಾಲು, ಐದು ಕಾಲಂಗಳ ಕೋಷ್ಟಕವನ್ನು ಸೂಚಿಸುತ್ತದೆ. ಘಟನೆ ಆಗುವ ಸಂಭವಕ್ಕೆ ಹೆಚ್ಚಿನಿಂದ ಕಡಿಮೆಗೆ 5ರಿಂದ 1, ಆದಾಗ ಎಷ್ಟು ಹಾನಿ ಎನ್ನುವುದಕ್ಕೆ ಹಾಗೆಯೇ ಎ ಇಂದ ಇ. ಒಂದು ಜೀಪ್ ಅನುಮತಿ ಇಲ್ಲದೆ ರನ್‌ವೇ ದಾಟಿತು ಅನ್ನಿ. ಆ ಹೊತ್ತಿಗೆ ಸರಿಯಾಗಿ ವಿಮಾನ ಬಂದು ಗುದ್ದುವುದು ಅಪರೂಪ, ಆದರೆ ಅಸಾಧ್ಯವಲ್ಲ. ಅದಕ್ಕೆ 3. ಗುದ್ದಿದರೆ ಮಹಾ ದುರಂತ. ಅದಕ್ಕೆ ಎ. ಎರಡೂ ಸೇರಿ 3ಎ, ಅದು ಕೆಂಪು ಖಾನೆಯಲ್ಲಿ ಬೀಳುತ್ತದೆ. ಅಪರೂಪ ಎಂಬ ನೆಪ ಅಲ್ಲಿ ನಡೆಯುವುದಿಲ್ಲ, ಏನಾದರೂ ಬದಲಾಯಿಸಿಯೇ ಮುಂದುವರಿಯಬೇಕು. ನಿಜ ಹೇಳಬೇಕೆಂದರೆ ಈ ಅಂಕಿಗಳು ಕಾಣಿಸುವಷ್ಟು ಖಚಿತವಲ್ಲ, ನಾಲ್ಕು ಜನ ಕೂತು ಮಾಡಿದ ಅಂದಾಜು. ಆದರೂ ಆ ನಾಲ್ಕು ಜನ ಕೂತು ವಾದ ಮಾಡುವುದೇ ಇದರಲ್ಲಿ ಮುಖ್ಯ ಲಾಭ.

ಯಾರೂ ಹೇಳದ ಸುದ್ದಿಯೂ ಇರುತ್ತದಲ್ಲ? ಅದಕ್ಕೇ ದೊಡ್ಡ ಕಂಪನಿಗಳು ವಿಮಾನದಲ್ಲಿ ದಾಖಲಾದ ವೇಗ, ಎತ್ತರ, ಎಂಜಿನ್ ಶಕ್ತಿಯ ಮಾಹಿತಿಯನ್ನು ಅಪಘಾತ ಆಗಲಿ ಅಂತ ಕಾಯದೆ ನಿತ್ಯ ಪರಿಶೀಲಿಸುತ್ತವೆ. ಅಲ್ಲಿ ಬೆಳಕಿಗೆ ಬಂದ ಒಂದು ಸಂಗತಿ ಯೋಚಿಸುವಂಥದ್ದು. ಮೋಡ ಕವಿದಾಗ ಇಳಿಯುತ್ತಿರುವ ವಿಮಾನ 1,000 ಅಡಿಗೆ ಬರುವಷ್ಟರಲ್ಲಿ ವೇಗ, ದಿಕ್ಕು, ಇಳಿಯುವ ದರ ಎಲ್ಲ ಹದಕ್ಕೆ ಬಂದಿರಬೇಕು, ಇಲ್ಲದಿದ್ದರೆ ಮತ್ತೆ ಮೇಲೇರಬೇಕು. ನಿಯಮ ಸ್ಪಷ್ಟ. ಆದರೆ ಹೀಗೆ ಹದ ತಪ್ಪಿದ 100 ಪ್ರಯತ್ನಗಳಲ್ಲಿ ಮತ್ತೆ ಮೇಲೇರುವುದು ಸುಮಾರು 3 ಮಾತ್ರ ಎಂದು ವಿಮಾನ ಸುರಕ್ಷತೆಗಾಗಿ ಕೆಲಸ ಮಾಡುವ ಫ್ಲೈಟ್ ಸೇಫ್ಟಿ ಫೌಂಡೇಶನ್ ಹೇಳಿತು. ಉಳಿದವರು ಹಾಗೇ ಇಳಿಸುತ್ತಾರೆ. ಬಹುಪಾಲು ಏನೂ ಆಗುವುದಿಲ್ಲ. ಏನೂ ಆಗದೇ ಇರುವುದೇ ಇಲ್ಲಿ ಕಷ್ಟ, ಯಾಕೆಂದರೆ ನಿಯಮ ಬಿಟ್ಟರೂ ನಡೆಯುತ್ತದೆ ಎಂಬ ರೂಢಿ ಮೆಲ್ಲಗೆ ಬೇರೂರುತ್ತದೆ. ಅದಕ್ಕೇ ಈಗ ಅನೇಕ ಕಂಪನಿಗಳು, ಮತ್ತೆ ಮೇಲೇರಿದ ಪೈಲಟ್‌ನಿಂದ ಸಮಜಾಯಿಷಿ ಕೇಳುವುದಿಲ್ಲ ಎಂದು ಬರೆದೇ ಕೊಟ್ಟಿವೆ. ನೀವು ಕೂತ ವಿಮಾನ ರನ್‌ವೇ ಹತ್ತಿರ ಬಂದು ಸರ್ರನೆ ಮೇಲಕ್ಕೆ ಹೋದರೆ ಗಾಬರಿ ಬೇಡ. ಕಾಕ್‌ಪಿಟ್‌ನಲ್ಲಿ ಯಾರೋ ಸರಿಯಾದ ಕೆಲಸ ಮಾಡಿದ್ದಾರೆ.

ಈ ಎಲ್ಲದರಲ್ಲಿ ಇನ್ನೂ ಬಿಗಿಯಾಗದ ಕೊಂಡಿ ಅಂದರೆ ದಣಿವು. ಸತತ 17 ಗಂಟೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಒಂದು ಪ್ರಯೋಗ ತೋರಿಸಿತು. ಮದ್ಯವನ್ನು ಯಂತ್ರ ಪತ್ತೆ ಮಾಡುತ್ತದೆ. ದಣಿವಿಗೆ ಅಂಥ ಯಂತ್ರ ಇಲ್ಲ, ಪೈಲಟ್ ತಾನಾಗಿ ‘ನನಗೆ ಆಗುತ್ತಿಲ್ಲ’ ಅನ್ನಬೇಕು. ಹಾಗೆ ಅಂದರೆ ವಿಮಾನ ತಡವಾಗುತ್ತದೆ, ಪ್ರಯಾಣಿಕರು ರೇಗುತ್ತಾರೆ, ಕಂಪನಿಗೆ ಖರ್ಚು ಬೀಳುತ್ತದೆ. ದಣಿವಿನ ವರದಿ ಕೊಟ್ಟವರನ್ನು ದಂಡಿಸುವುದಿಲ್ಲ ಎಂದು ಕಂಪನಿ ಎಷ್ಟೇ ಹೇಳಲಿ, ಕೊಟ್ಟವರಿಗೆ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಏನು ಬಂತು, ಸಂಬಳ ಎಷ್ಟು ಬಂತು ಅನ್ನುವುದನ್ನು ಉಳಿದ ಪೈಲಟ್‌ಗಳು ನೋಡಿಯೇ ನೋಡುತ್ತಾರೆ.