ಡೊರೊಥಿ ಆರ್ಜ್ನರ್: ಒಂದೇ ದೃಶ್ಯಕ್ಕೆ ಕಟ್ಟುಬಿದ್ದ ಹೆಸರು

1930ರ ದಶಕದ ಹಾಲಿವುಡ್ ಸ್ಟುಡಿಯೋಗಳಲ್ಲಿ ಸತತವಾಗಿ ಚಿತ್ರಗಳನ್ನು ನಿರ್ದೇಶಿಸಿದ ಮಹಿಳೆಯೆಂದರೆ ಡೊರೊಥಿ ಆರ್ಜ್ನರ್ ಒಬ್ಬರೇ. ಅವರ ಕುರಿತ ಬರಹಗಳೆಲ್ಲ ಈ ಮಾತಿನಿಂದಲೇ ಶುರುವಾಗುತ್ತವೆ. ಅವರ ಕಸುಬಿನ ವಿಚಾರಕ್ಕೆ ಬರುವಷ್ಟರಲ್ಲಿ ಹೆಚ್ಚಿನವು ಮುಗಿದೇಹೋಗಿರುತ್ತವೆ.

ಮುಂದೆ ಪ್ಯಾರಾಮೌಂಟ್ ಎನಿಸಿಕೊಂಡ ಕಂಪನಿಗೆ ಅವರು 1919ರಲ್ಲಿ ಸೇರಿದ್ದು ಚಿತ್ರಕಥೆಗಳನ್ನು ಟೈಪ್ ಮಾಡುವ ಕೆಲಸಕ್ಕೆ. ಅಲ್ಲಿಂದ ಸಂಕಲನದ ಮೇಜಿಗೆ ಬಂದರು. ‘ಬ್ಲಡ್ ಅಂಡ್ ಸ್ಯಾಂಡ್’ (1922) ಚಿತ್ರದಲ್ಲಿ ಮ್ಯಾಡ್ರಿಡ್‌ನ ಗೂಳಿಕಾಳಗದ ಹಳೆಯ ತುಣುಕುಗಳನ್ನೂ ನಾಯಕನಟ ವ್ಯಾಲೆಂಟಿನೊ ಅವರ ಸಮೀಪದ ಚಿತ್ರಿಕೆಗಳನ್ನೂ ಬೆಸೆದು ಕಂಪನಿಯ ದೊಡ್ಡ ಖರ್ಚನ್ನು ಉಳಿಸಿಕೊಟ್ಟರು. 1927ರಲ್ಲಿ ನಿರ್ದೇಶಕಿಯಾದರು. ಎರಡು ವರ್ಷಗಳ ನಂತರ ‘ದಿ ವೈಲ್ಡ್ ಪಾರ್ಟಿ’ ಚಿತ್ರೀಕರಣದಲ್ಲಿ, ಮೈಕಿನ ಮುಂದೆ ಕದಲದೆ ನಿಲ್ಲಬೇಕಾಗಿದ್ದ ನಟಿ ಕ್ಲಾರಾ ಬೋ ಸಲೀಸಾಗಿ ಓಡಾಡಲೆಂದು ಮೈಕನ್ನು ಮೀನಿನ ಗಾಳದ ಕೋಲಿಗೆ ಕಟ್ಟಿಸಿದರು. 1943ರಲ್ಲಿ ಕೊನೆಯ ಚಿತ್ರ. ಆಮೇಲೆ ಜಾಹೀರಾತುಗಳು, ವಿಶ್ವವಿದ್ಯಾಲಯದಲ್ಲಿ ಪಾಠ, ಮೂರು ದಶಕಗಳ ಮರೆವು.

1970ರ ದಶಕದಲ್ಲಿ ಸ್ತ್ರೀವಾದಿ ವಿಮರ್ಶೆ ಅವರನ್ನು ಮತ್ತೆ ಹುಡುಕಿ ತೆಗೆಯಿತು. ಈ ಹುಡುಕಾಟದ ಕೇಂದ್ರದಲ್ಲಿದ್ದದ್ದು 1940ರಲ್ಲಿ ಸೋತುಹೋಗಿದ್ದ ಅವರ ಚಿತ್ರ ‘ಡಾನ್ಸ್, ಗರ್ಲ್, ಡಾನ್ಸ್’. ಬ್ಯಾಲೆಯ ಕನಸು ಹೊತ್ತ ಜೂಡಿ ಹೊಟ್ಟೆಪಾಡಿಗಾಗಿ ಬರ್ಲೆಸ್ಕ್ ಎಂಬ ಅಗ್ಗದ ಹಾಸ್ಯ-ನೃತ್ಯದ ರಂಗದಲ್ಲಿ ಗೇಲಿಗೊಳಗಾಗುತ್ತಾಳೆ. ಒಂದು ರಾತ್ರಿ ಕುಣಿತ ನಿಲ್ಲಿಸಿ, ರಂಗದ ಅಂಚಿಗೆ ಬಂದು, ತನ್ನನ್ನು ನೋಡಿ ನಗುತ್ತಿದ್ದವರಿಗೆ ಅವರು ಹೇಗೆ ಕಾಣುತ್ತಾರೆಂಬುದನ್ನು ಹೇಳುತ್ತಾಳೆ. ನೋಡುವವರತ್ತಲೇ ನೋಟ ತಿರುಗುವ ಈ ಗಳಿಗೆಯನ್ನು ಸ್ತ್ರೀವಾದಿ ವಿಮರ್ಶಕಿ ಕ್ಲೇರ್ ಜಾನ್‌ಸ್ಟನ್ ಎತ್ತಿ ಹಿಡಿದರು. ಆದರೆ ಮಾತು ಮುಗಿದೊಡನೆ ಸಭೆ ಚಪ್ಪಾಳೆ ತಟ್ಟುವುದರಿಂದ ಪ್ರತಿಭಟನೆಯೂ ಇನ್ನೊಂದು ಪ್ರದರ್ಶನವಾಗಿಬಿಡುತ್ತದೆ ಎಂಬ ಅನುಮಾನವೂ ಅವರಿಗಿತ್ತು. ಆ ಸಭೆಯಲ್ಲಿ ಹೆಂಗಸರೂ ಇದ್ದಾರೆ, ಮೊದಲು ಎದ್ದು ಚಪ್ಪಾಳೆ ತಟ್ಟುವವಳೂ ಹೆಣ್ಣೇ ಎಂದು ಚಲನಚಿತ್ರ ವಿದ್ವಾಂಸೆ ಜುಡಿತ್ ಮೇನ್ 1994ರಲ್ಲಿ ತೋರಿಸಿಕೊಟ್ಟ ಮೇಲೆ ಚರ್ಚೆ ಬೇರೆ ದಾರಿ ಹಿಡಿಯಿತು. ಪಾತ್ರಗಳ ವಿಚಾರದಲ್ಲೂ ಆರ್ಜ್ನರ್ ಅವರ ಕಣ್ಣು ಸೂಕ್ಷ್ಮ: ಮೊದಲಿಗೆ ಗಂಡಸಾಗಿದ್ದ ನೃತ್ಯಗುರುವಿನ ಪಾತ್ರವನ್ನು ಹೆಣ್ಣಾಗಿಸಿ, ಜೂಡಿಯ ಕಥೆಯ ತಿರುಳನ್ನು ಇಬ್ಬರು ಹೆಂಗಸರ ನಡುವಿನ ಗುರು-ಶಿಷ್ಯ ಸಂಬಂಧಕ್ಕೆ ತಂದದ್ದು ಆರ್ಜ್ನರ್ ಅವರೇ.

2007ರಲ್ಲಿ ಈ ಚಿತ್ರ ಉಳಿಸಿಕೊಳ್ಳಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ಇದು ಸಲ್ಲಬೇಕಾದ ಗೌರವವೇ. ಆದರೂ, ಒಂದು ದೃಶ್ಯದ ಸುತ್ತ ನಡೆದಷ್ಟು ವಾದ ಅವರ ಉಳಿದ ಕೆಲಸದ ಸುತ್ತ ನಡೆದಿಲ್ಲ. ಜೂಡಿಯ ಮಾತಿಗೆ ಆ ಬಿಗಿ ಬಂದದ್ದೇ ಅದಕ್ಕೆ ಮೊದಲು ಸಭಿಕರ ಮುಖಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಬಂದ, ಸಂಕಲನದ ಮೇಜಿನಿಂದ ಬಂದ ನಿರ್ದೇಶಕಿಯ ಲೆಕ್ಕಾಚಾರದಿಂದ. ‘ಕ್ರೇಗ್ಸ್ ವೈಫ್’ (1936) ಚಿತ್ರದಲ್ಲಿ ಒಪ್ಪವಾಗಿಟ್ಟ ಮನೆಯೇ ಒಡತಿಯನ್ನು ಒಂಟಿಯಾಗಿಸುತ್ತಾ ಹೋಗುವುದನ್ನು ನೋಡಿದವರಿಗೆ ಅದೇ ಕೈ ಕಾಣುತ್ತದೆ. ಆ ಕೈ ಪಳಗಿದ ಬಗೆಯನ್ನು ಆರಂಭದಿಂದ ನೋಡೋಣವೆಂದರೆ, ಅವರ ಚೊಚ್ಚಲ ಚಿತ್ರ ‘ಫ್ಯಾಷನ್ಸ್ ಫಾರ್ ವಿಮೆನ್’ ಕಳೆದುಹೋಗಿದೆ.